ನಾನು ಮುಟ್ಟದ ಜಾಲತಾಣಕ್ಕೆ ನನ್ನ ಸಹಿ

ಬಾಗಲಕೋಟೆಯಲ್ಲಿ ಕೂತು ಅಂಗವಿಕಲರ ಸೇವೆಗಳ ಜಾಲತಾಣವನ್ನು ನೋಡಿಕೊಳ್ಳುತ್ತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಜಾಲತಾಣದ ತಳದಲ್ಲಿ, ಎಡಗಡೆ ಮೂಲೆಗೆ, ಒಂದು ಪ್ರಮಾಣಪತ್ರವಿದೆಯಂತೆ. "ಈ ತಾಣದ ಹೊಸ ವಿನ್ಯಾಸವನ್ನು ಅಂಧ ಬಳಕೆದಾರರೇ ಸ್ವತಃ ಪರೀಕ್ಷಿಸಿ, ಸರ್ವರಿಗೂ ಸುಗಮವೆಂದು ದೃಢೀಕರಿಸಿರುತ್ತಾರೆ" ಎಂದು ಅದರಲ್ಲಿ ಬರೆದಿದೆಯಂತೆ. ಕೆಳಗೆ ಒಂದು ಸಹಿ ಇದೆಯಂತೆ. ಆ ಸಹಿ ನನ್ನದು. ಅದನ್ನು ಇವತ್ತೇ ತೆಗೆಯಿರಿ. ಆ ಸಹಿಯನ್ನು ನಂಬಿದ ಒಬ್ಬ ಹುಡುಗಿ ಈ ತಿಂಗಳ ಇಪ್ಪತ್ತೆಂಟಕ್ಕೆ ತನ್ನ ಪದವಿ ಪರೀಕ್ಷೆಯ ಕೊಠಡಿಯಲ್ಲಿ ಉತ್ತರ ಬರೆದುಕೊಡುವವರಿಲ್ಲದೆ ಕೂರುವ ಪರಿಸ್ಥಿತಿ ಬಂದಿದೆ. ಇನ್ನು ಹದಿನೇಳು ದಿನ ಉಳಿದಿವೆ. ಆದ್ದರಿಂದ ಈ ಪತ್ರವನ್ನು ನಿಮ್ಮ ಕಚೇರಿಯ ಟಪಾಲು ಪೆಟ್ಟಿಗೆಗೆ ಹಾಕದೆ ಊರಿನವರೆಲ್ಲ ಓದಲಿ ಎಂದು ಇಲ್ಲಿ ಹಾಕುತ್ತಿದ್ದೇನೆ.

'ಇದೆಯಂತೆ' ಎಂದೇ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಪ್ರಮಾಣಪತ್ರವನ್ನು ನಾನು ಇತರರಿಂದ ಕೇಳಿ ತಿಳಿದುಕೊಂಡವನು. ನೀವು ಅದನ್ನು ಚಿತ್ರವಾಗಿ ಅಂಟಿಸಿದ್ದೀರಿ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ನನ್ನ ಲ್ಯಾಪ್‌ಟಾಪಿನಲ್ಲಿದೆ. ಅದು ಆ ಮೂಲೆಗೆ ಬಂದು "ಚಿತ್ರ" ಎಂದು ಹೇಳಿ ಮುಂದೆ ಹೋಗುತ್ತದೆ. ಕುರುಡರು ಎಲ್ಲವನ್ನೂ ಓದಬಲ್ಲರು ಎಂಬ ಪ್ರಮಾಣಪತ್ರವನ್ನು ಕುರುಡರಿಗೇ ಓದಲು ಬಾರದಂತೆ ಪ್ರಕಟಿಸುವುದು ಸಾಮಾನ್ಯ ಬುದ್ಧಿಗೆ ನಿಲುಕುವ ಕೆಲಸವಲ್ಲ. ಇದಕ್ಕೆಂದೇ ಸಭೆ ಸೇರಿರಬೇಕು, ಟಿಪ್ಪಣಿ ಬರೆದಿರಬೇಕು, ಮೇಲಿನವರ ಒಪ್ಪಿಗೆ ಪಡೆದಿರಬೇಕು.

ನಾನು ಶಿವಸಂಗಪ್ಪ, ಇಳಕಲ್ಲಿನ ನೇಕಾರರ ಮನೆಯವ. ಹನ್ನೊಂದನೇ ವಯಸ್ಸಿಗೆ ಜ್ವರ ಬಂದು ಕಣ್ಣು ಹೋದವು, ಬೆರಳು ಉಳಿದವು. ನಮ್ಮ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಮಗ್ಗದ ಮೇಲೆ ಈ ಎರಡರ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೊಂಡಿ ಹಾಕಬೇಕು. ಸಾವಿರಾರು ಎಳೆ, ಸಾವಿರಾರು ಕೊಂಡಿ. ಮೂವತ್ತು ವರ್ಷದಿಂದ ಅದೇ ನನ್ನ ಕೆಲಸ. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಕೊಂಡಿ ಹಾಕಿದವನೇ "ಆತು" ಅನ್ನುವ ಹಾಗಿಲ್ಲ. ನನ್ನ ಹೆಂಡತಿ ಚಂದ್ರವ್ವ ಬಂದು, ಎಳೆಗಳ ಮೇಲೆ ಕೈಯಾಡಿಸಿ, ತನಗೆ ಬೇಕಾದಲ್ಲಿ ಜಗ್ಗಿ ನೋಡಿ, ಬಿಚ್ಚದಿದ್ದರೆ ಮಾತ್ರ ಮಗ್ಗ ನಡೆಯುತ್ತದೆ. ಜಗ್ಗುವಾಗ ಆಕೆ ಗಂಡ ಅಂತ ಕರುಣೆ ತೋರಿಸುವುದಿಲ್ಲ. ಭಾನುವಾರ ನಾನು ಕಣ್ಣಿಲ್ಲದ ನಾಲ್ಕೈದು ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಆ ಸುದ್ದಿ ನಿಮ್ಮ ಕಿವಿಗೆ ಬಿದ್ದು, ಮೂರು ತಿಂಗಳ ಹಿಂದೆ ನಿಮ್ಮ ಕಚೇರಿಯಿಂದ ನನಗೆ ಪತ್ರ ಬಂತು: ಜಾಲತಾಣಕ್ಕೆ ಹೊಸ ಥೀಮ್ ಹಾಕಿದ್ದೇವೆ, ಅಂದರೆ ಬಣ್ಣ, ಅಕ್ಷರ, ಗುಂಡಿ, ಅರ್ಜಿ ಎಲ್ಲದಕ್ಕೂ ಹೊಸ ವೇಷ ತೊಡಿಸಿದ್ದೇವೆ, ಅದು ನಿಯಮದ ಪ್ರಕಾರ ಎಲ್ಲರಿಗೂ ಬಳಸಲು ಬರುತ್ತದೆಯೇ ಎಂದು "ವಿಶೇಷ ಚೇತನರಾದ ತಾವು" ಪರೀಕ್ಷಿಸಿ ಕೊಡಬೇಕು.

ಚೇತನ ವಿಶೇಷವಾಗಿಯೇ ಉಬ್ಬಿತು, ಸುಳ್ಳು ಯಾಕೆ ಹೇಳಲಿ? ಇಸ್ತ್ರಿ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪ್ ಹೆಗಲಿಗೇರಿಸಿ, ಹುನಗುಂದದ ಮೇಲೆ ಹಾಯ್ದು ಬರುವ ಬಸ್ಸು ಹತ್ತಿ ಬಾಗಲಕೋಟೆಗೆ ಬಂದೆ. ನಿಮ್ಮ ಸಿಬ್ಬಂದಿ ಬಾಗಿಲಲ್ಲೇ ಎದುರುಗೊಂಡರು. "ಭಾರ ಯಾಕ ಹೊರ್ತೀರಿ ಸರ್, ಕೊಡ್ರಿ ಇಲ್ಲಿ" ಎಂದು ಲ್ಯಾಪ್‌ಟಾಪಿನ ಚೀಲವನ್ನು ಇಸಿದುಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಅದನ್ನು ತೆರೆಯುವ ಕೀಲಿಕೈ ಅಧಿಕಾರಿಗಳಾದ ತಮ್ಮ ಕಿಸೆಯಲ್ಲಿ, ತಾವು ಮೀಟಿಂಗಿನಲ್ಲಿ. ಶಿರಾ ಬಂತು, ಚುರುಮುರಿ ಬಂತು, ಮಿರ್ಚಿ ಬಂತು, ಚಹಾ ಎರಡು ಸಲ ಬಂತು. ತಾವು ಬಂದ ಮೇಲೆ ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು, ಫೋಟೊ ತೆಗೆಯುವವರು ಬಂದರು. ಪರೀಕ್ಷಿಸಲು ಕೀಲಿಮಣೆ ಒಂದು ಬರಲಿಲ್ಲ.

ನಿಮ್ಮ ತಂತ್ರಜ್ಞ ಸಂಗಮೇಶ ಭಾಳ ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ಸರ್, ನೀವು ಯಾಕ ತ್ರಾಸ ತಗೋತೀರಿ? ನೀವು ನಮ್ಮ ಮನಿಗೆ ಬಂದ ಅತಿಥಿಗಳು ಇದ್ದಂಗ. ನಾ ಎಲ್ಲಾ ಓದಿ ಹೇಳ್ತೇನಿ, ನೀವು ಆರಾಮ ಕೇಳ್ರಿ" ಅಂದರು. ಹೇಳಿದಂತೆಯೇ ಓದಿದರು. ಧ್ವನಿ ಚಲೋ ಇತ್ತು. "ಮ್ಯಾಲ ಬಾದಾಮಿ ಗುಹೆ ಫೋಟೊ ಐತ್ರಿ, ಅದು ತಾನ ಸರದು ನಿಮ್ಮ ಇಳಕಲ್ ಸೀರಿ ಬರ್ತೈತ್ರಿ. ಬಲಗಡೆ ಅಕ್ಷರ ದೊಡ್ಡದು ಮಾಡೋ ಬಟನ್. ಒತ್ತೇನಿ ನೋಡ್ರಿ, ಎಷ್ಟ ದೊಡ್ಡವು ಆದವು!"

ನಾನು "ಭಾಳ ದೊಡ್ಡವು ಆದವು" ಅಂದೆ.

"ಬಣ್ಣ ಹೆಂಗದಾವ್ರಿ ಸರ್?"

"ನೀವು ಹೇಳೋದು ಕೇಳಿದ್ರ ಛಲೋನ ಇರಬೇಕು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಕೊನೆಗೆ ಮಾದರಿಗೆಂದು ಒಂದು ಅರ್ಜಿ ಸಲ್ಲಿಸುವ ಕಾರ್ಯಕ್ರಮ. ನನ್ನ ಹೆಸರು, ಊರು, ವಯಸ್ಸು ಎಲ್ಲವನ್ನೂ ಸಂಗಮೇಶರೇ ಟೈಪು ಮಾಡಿದರು. ಆಮೇಲೆ ನನ್ನ ತೋರುಬೆರಳು ಹಿಡಿದು, ಒಂದು ಗುಂಡಿಯ ಮೇಲಿಟ್ಟು, "ಒತ್ರಿ ಸರ್" ಅಂದರು. ಒತ್ತಿದೆ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಒಂದು ಹಾಳೆ ತಂದು, ಸಹಿ ಹಾಕುವ ಜಾಗಕ್ಕೆ ರಟ್ಟು ಹಿಡಿದು, ಪೆನ್ನು ಕೈಗೆ ಕೊಟ್ಟರು. ಮಾನ್ಯರೇ, ಜಗತ್ತಿನ ಇನ್ನಾವ ಮೂಲೆಯಲ್ಲಾದರೂ ಪರೀಕ್ಷಿಸಲೆಂದು ಕರೆಸಿದ ಮನುಷ್ಯನ ಕೈಗೆ ಪರೀಕ್ಷಿಸುವ ವಸ್ತುವನ್ನೇ ಕೊಡದಿದ್ದರೆ ಅದನ್ನು ಮೋಸ ಎನ್ನುತ್ತಾರೆ. ನಮ್ಮ ಕಡೆ ಅದನ್ನು ಅತಿಥಿ ಸತ್ಕಾರ ಎನ್ನುತ್ತೇವೆ. ನೀವು ಮೋಸ ಮಾಡಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಮೋಸವಾಗಿದ್ದರೆ ನಾನು ಜಗಳ ತೆಗೆಯುತ್ತಿದ್ದೆ. ಇಷ್ಟು ಪ್ರೀತಿಯಿಂದ ಕೂಡ್ರಿಸಿ, ಮಿರ್ಚಿ ತಿನ್ನಿಸಿ, ಶಾಲು ಹೊದಿಸಿದವರ ಎದುರು "ಕೀಲಿಮಣೆ ಕೊಡ್ರಿ, ನಾ ತಪ್ಪು ಹುಡುಕಬೇಕು" ಎಂದು ಬಾಯಿ ಬಿಡುವುದು ಹೇಗೆ? ಸಹಿ ಹಾಕಿದೆ.

ಮನೆಗೆ ಬಂದಾಗ ಚಂದ್ರವ್ವ ಶಾಲು ಮುಟ್ಟಿ ನೋಡಿದಳು. "ಪಾಲಿಸ್ಟರ್ ಐತಿ" ಅಂದಳು. ಆಮೇಲೆ ಕೇಳಿದಳು, "ಎಷ್ಟ ತಪ್ಪ ಹಿಡದ್ರಿ?"

"ತಪ್ಪು? ಏ, ಸನ್ಮಾನ ಮಾಡ್ಯಾರ!"

"ಸನ್ಮಾನ ಇರಲಿ. ಜಗ್ಗಿ ನೋಡೀರೋ ಇಲ್ಲೋ?"

ನಾನು ಶಾಲು ಮಡಚಿ ಇಟ್ಟೆ. ಅವತ್ತು ರಾತ್ರಿಯಾದರೂ, ಮರುದಿನವಾದರೂ ನಿಮ್ಮ ತಾಣವನ್ನು ತೆರೆದು ನೋಡಬಹುದಿತ್ತು. ನೋಡಲಿಲ್ಲ. ಪೇಪರಿನಲ್ಲಿ ಫೋಟೊ ಬಂದಿತ್ತು, ಓಣಿಯವರು ಮಾತಾಡಿಸುತ್ತಿದ್ದರು, ನಾನು ಹಿಗ್ಗಿಕೊಂಡು ತಿರುಗುತ್ತಿದ್ದೆ. ಇದು ನನ್ನ ತಪ್ಪು, ಬರೆದುಕೊಳ್ಳಿ.

ಈಗ ಮುಬಶೀರಾಳ ವಿಷಯಕ್ಕೆ ಬರುತ್ತೇನೆ. ಗ್ರಾನೈಟ್ ಪಾಲಿಶ್ ಕೆಲಸದ ಚಾಂದಸಾಬರ ಕಿರಿಯ ಮಗಳು, ಹುಟ್ಟಿನಿಂದ ದೃಷ್ಟಿಯಿಲ್ಲ, ಬಿ.ಎ. ಕೊನೆಯ ವರ್ಷ, ನನ್ನ ಭಾನುವಾರದ ವಿದ್ಯಾರ್ಥಿ. ಶಿಕ್ಷಕಿಯಾಗಬೇಕೆಂದು ಹಟ ಹಿಡಿದವಳು. ಪಾಠಗಳನ್ನೆಲ್ಲ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಾಳೆ. ಪರೀಕ್ಷೆಯಲ್ಲಿ ಅವಳು ಹೇಳಿದ ಉತ್ತರವನ್ನು ಕಾಗದಕ್ಕಿಳಿಸಲು ಒಬ್ಬ ಸಹಾಯಕರು ಬೇಕು. ಆ ಸಹಾಯಕರಿಗೆ ನಿಮ್ಮ ಜಾಲತಾಣದಲ್ಲೇ ಅರ್ಜಿ ಹಾಕಬೇಕು, ನಿಮ್ಮ ಕಚೇರಿಯಿಂದಲೇ ಆದೇಶ ಬರಬೇಕು. ಆದೇಶದ ಸಂಖ್ಯೆ ಇಲ್ಲದೆ ಕಾಲೇಜಿನವರು ಯಾರನ್ನೂ ಒಳಗೆ ಬಿಡುವುದಿಲ್ಲ. ಈ ತಿಂಗಳ ಐದನೇ ತಾರೀಖು ಕೊನೆಯ ದಿನ. ಅವಳು ಎರಡನೇ ತಾರೀಖಿಗೇ ತುಂಬಿದಳು. ಅಕ್ಕ ಆರಿಫಾ ಹೊಲಿಗೆ ಬಿಟ್ಟು ಬಂದು "ನಾ ತುಂಬಿ ಕೊಡ್ತೇನಿ ತಾ" ಅಂದಳಂತೆ. ಇವಳು "ಬ್ಯಾಡ, ಶಿವಸಂಗಪ್ಪ ಸರ್ ಟೆಸ್ಟ್ ಮಾಡ್ಯಾರ, ನಾನ ತುಂಬ್ತೇನಿ" ಅಂದಳಂತೆ. ಒಂದು ತಾಸು ಕೂತು ತುಂಬಿ, ಸಲ್ಲಿಸುವ ಗುಂಡಿ ಒತ್ತಿದಳು. ಮೊಬೈಲು ಒಂದು ಕ್ಷಣ ಸುಮ್ಮನಿದ್ದು "ಸುಸ್ವಾಗತ" ಎಂದಿತು. ಹುಡುಗಿಗೆ ಖುಷಿಯೋ ಖುಷಿ. ಅರ್ಜಿ ಮುಟ್ಟಿತು, ಸರ್ಕಾರವೇ ಸ್ವಾಗತ ಹೇಳಿತು ಎಂದುಕೊಂಡಳು.

ಅರ್ಜಿ ಮುಟ್ಟಿರಲಿಲ್ಲ. ಏಳನೇ ತಾರೀಖಿಗೆ ಆದೇಶ ವಿಚಾರಿಸಲು ಆರಿಫಾ ಫೋನ್ ಮಾಡಿದಾಗ ನಿಮ್ಮ ಕಚೇರಿಯ ಧ್ವನಿಯೊಂದು, "ಅಂಥಾ ಹೆಸರಿನ ಅರ್ಜಿ ಬಂದ ಇಲ್ರಿ" ಎಂದಿತು. ತುಂಬಿದ್ದೇವೆ ಎಂದದ್ದಕ್ಕೆ, "ಏನರೆ ಬಿಟ್ಟಿರಬೇಕು. ಬಿಟ್ರ ಕೆಂಪ ಅಕ್ಷರದಾಗ ಬರ್ತೈತಲ್ಲ, ಎಲ್ಲಾರಿಗೂ ಕಾಣ್ತೈತಿ" ಎಂದಿತು. ತಂಗಿಗೆ ಕಣ್ಣು ಕಾಣುವುದಿಲ್ಲ ಎಂದದ್ದಕ್ಕೆ, "ಮನ್ಯಾಗ ಕಣ್ಣಿದ್ದವರು ಯಾರೂ ಇಲ್ಲೇನ್ರಿ?" ಎಂದಿತು. ಅಂಗವಿಕಲರ ಸೇವೆಗೆಂದೇ ಇರುವ ಜಾಲತಾಣವನ್ನು ಬಳಸಲು ಮೊದಲ ಅರ್ಹತೆ ಅಂಗವೈಕಲ್ಯ ಇಲ್ಲದಿರುವುದು ಎಂಬ ಈ ಹೊಸ ನಿಯಮ ಯಾವ ಗೆಜೆಟ್ಟಿನಲ್ಲಿ ಬಂದಿದೆ? ಕಾಲಿಲ್ಲದವರಿಗೆ ಓಡುವ ಸ್ಪರ್ಧೆ ಇಟ್ಟು, ಮನೆಯಲ್ಲಿ ಕಾಲಿದ್ದವರನ್ನು ಕಳಿಸಿ ಎನ್ನುವ ಯೋಜನೆಯೂ ತಯಾರಾಗಿದೆಯೇ? ಧ್ವನಿ ಅಲ್ಲಿಗೂ ನಿಲ್ಲಲಿಲ್ಲ. "ನಿಮ್ಮ ಊರಿನ ಶಿವಸಂಗಪ್ಪನವರೇ ಪಾಸ್ ಮಾಡ್ಯಾರ್ರಿ ಇದನ್ನ. ಬೇಕಾದ್ರ ಅವರನ್ನ ಕೇಳ್ರಿ" ಎಂದು ಫೋನ್ ಇಟ್ಟಿತು.

ಕೇಳಲು ಬಂದರು. ಮರುದಿನ ಬೆಳಿಗ್ಗೆ ಅಕ್ಕ ತಂಗಿ ಇಬ್ಬರೂ ನಮ್ಮ ಪಡಸಾಲೆಯಲ್ಲಿದ್ದರು. ಮೊಬೈಲು ತೆಗೆದು ಆ ಪ್ರಮಾಣಪತ್ರವನ್ನು ಅಕ್ಷರ ಬಿಡದೆ ಓದಿದವಳು ಆರಿಫಾ. "ಸರ್, ಇದು ನಿಮ್ಮ ಸಹಿ ಹೌದಲ್ರಿ? ಹಂಗಾದ್ರ ಕುರುಡರು ಇದನ್ನ ಹೆಂಗ ತುಂಬ್ತಾರ, ಒಂದು ಸಲ ತುಂಬಿ ತೋರಸ್ರಿ. ನಾ ಇಲ್ಲೇ ಕೂಡ್ತೇನಿ."

ಕೊನೆಯ ದಿನ ಮುಗಿದು ಮುಬಶೀರಾಳ ಅರ್ಜಿಯ ಬಾಗಿಲು ಮುಚ್ಚಿತ್ತು. ಬಸ್ ಪಾಸಿನ ಅರ್ಜಿ ತೆರೆದಿತ್ತು. ವೇಷ ಎರಡಕ್ಕೂ ಒಂದೇ. ಶಾಲು ಹೊದ್ದು ಪರೀಕ್ಷಿಸಿದ ಜಾಲತಾಣವನ್ನು ನಾನು ಮೊದಲ ಸಲ ಮುಟ್ಟಿದ್ದು ಆಗಲೇ. ತೆರೆದ ಕೂಡಲೇ ನನ್ನ ತಂತ್ರಾಂಶ "ಚಿತ್ರ" ಎಂದಿತು. ಮುಂದೆ ಹೋದರೆ "ಚಿತ್ರ". ಎಂಟು ಸಲ "ಚಿತ್ರ" ಎಂದು, ಒಂಬತ್ತನೇ ಸಲ ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಬಾದಾಮಿಯ ಗುಹೆ ಸರಿದು, ಓದು ಮತ್ತೆ ಮೊದಲಿಗೆ ಹೋಯಿತು. ಹಾಗೂ ಹೀಗೂ ತಪ್ಪಿಸಿಕೊಂಡು ಕೆಳಗಿಳಿದರೆ "ಇಲ್ಲಿ ಕ್ಲಿಕ್ ಮಾಡಿ" ಎಂಬ ಕೊಂಡಿ ಹದಿನಾಲ್ಕು ಸಲ ಬಂತು. ಎಲ್ಲಿಗೆ ಹೋಗಲು, ಯಾತಕ್ಕೆ, ಒಂದಾದರೂ ಹೇಳಲಿಲ್ಲ. ಅರ್ಜಿಗೆ ಬಂದರೆ "ಖಾನೆ ಒಂದು", "ಖಾನೆ ಎರಡು", "ಖಾನೆ ಮೂರು" ಎಂದು ಓದಿತು. ಯಾವುದರಲ್ಲಿ ಹೆಸರು, ಯಾವುದರಲ್ಲಿ ತಂದೆಯ ಹೆಸರು? ನಾನು ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಹಿಡಿದವನು, ನನಗೂ ತಿಳಿಯಲಿಲ್ಲ. ಮುಬಶೀರಾ ಪಕ್ಕದಿಂದ ಮೆಲ್ಲಗೆ ಹೇಳಿಕೊಟ್ಟಳು: "ಸರ್, ನಾಕನೇದು ಜನ್ಮದಿನಾಂಕ ಇರಬೇಕ್ರಿ. ನಾ ಹಂಗ ಅಂದಾಜ ಮ್ಯಾಲ ತುಂಬಿದ್ದೆ." ತುಂಬಿ ಒತ್ತಿದೆ. ಕ್ಷಣ ಹೊತ್ತು ಸುಮ್ಮನಿದ್ದು ನಿಮ್ಮ ತಾಣ ನನಗೂ "ಸುಸ್ವಾಗತ" ಎಂದಿತು.

"ಸರ್, ಹೋಗಿಲ್ಲ" ಅಂದಳು ಆರಿಫಾ. "ಸುಸ್ವಾಗತ ಅನ್ನೂದು ಅರ್ಜಿ ಪುಟದ ತಲೆಬರಹ, ಪುಟ ಹೊಳ್ಳಿ ಮ್ಯಾಲಿಂದ ತೆರದೈತಿ ಅಷ್ಟ. ಕೆಳಗ ಒಂದು ಫೋಟೊ ಐತಿ, ಅದರಾಗ ಸೊಟ್ಟ ಸೊಟ್ಟ ಅಕ್ಷರ ಅದಾವ. ಅವನ್ನ ನೋಡಿ ಬರೀಬೇಕಂತ. ನೀವು ಮಷಿನ್ ಅಲ್ಲ, ಮನಷ್ಯಾರು ಅಂತ ತೋರಸಾಕ. ಬರದಿಲ್ಲಂತ ಕೆಂಪಗ ಹಾಕ್ಯಾರ."

ನಾನು ಮನುಷ್ಯನೆಂದು ನಿಮಗೆ ಸಾಬೀತುಪಡಿಸಲು ನನ್ನಲ್ಲಿಲ್ಲದ ಎರಡು ಕಣ್ಣು ಬೇಕು. ಇದು ಸಿಟ್ಟು ಬರುವ ಮಾತೋ, ನಗು ಬರುವ ಮಾತೋ? ನನಗೆ ಬಂದದ್ದು ನಾಚಿಕೆ. ಮುಬಶೀರಾ ಬೈದಿದ್ದರೆ ಸಮಾಧಾನವಿರುತ್ತಿತ್ತು. ಬೈಯಲಿಲ್ಲ. "ಸರ್, ನಿಮಗರೆ ಗೊತ್ತಿರ್ತೈತಿ ಅಂತ ತಿಳಕೊಂಡಿದ್ದೆ. ಕಣ್ಣಿದ್ದವರಿಗೆ ಹೇಳಿದ್ರ ತಿಳ್ಯೂದಿಲ್ಲ" ಅಂದಳು. ಇಷ್ಟು ವಯಸ್ಸಾಗಿ ನನ್ನನ್ನು ಯಾರೂ ಇಷ್ಟು ಮೆತ್ತಗೆ ಹೊಡೆದಿರಲಿಲ್ಲ.

ಸಂಗಮೇಶರಿಗೆ ಫೋನ್ ಹಚ್ಚಿದೆ. ಎಲ್ಲ ಚಿತ್ರಕ್ಕೂ "ಚಿತ್ರ" ಎಂದೇ ಯಾಕೆ ಬರೆದಿರಿ ಎಂದು ಕೇಳಿದೆ. ಪಾಪ, ಮುಚ್ಚಿಡಲಿಲ್ಲ. "ಸರ್, ನಿಯಮ ಪಾಲನೆ ಆಗೇತೋ ಇಲ್ಲೋ ಅಂತ ನೋಡೋ ಒಂದು ತಂತ್ರಾಂಶ ಐತ್ರಿ. ಫೋಟೊಕ್ಕ ವಿವರಣೆ ಇಲ್ಲ, ಖಾನೆಗೆ ಹೆಸರಿಲ್ಲ ಅಂತ ಕೆಂಪು ತೋರಸ್ತಿತ್ತು. ಉದ್ಘಾಟನಿಗೆ ಎರಡ ದಿನ ಇತ್ತು. ಎಲ್ಲಾದಕ್ಕೂ ಒಂದ ವಿವರಣೆ ಹಾಕಿದ್ವಿ, ಹಸಿರು ಆತು. ನೂರಕ್ಕ ತೊಂಬತ್ತೆಂಟು ಬಂತ್ರಿ." ಹೀಗಿದೆ ನೋಡಿ ನಿಮ್ಮ ಪಾಲನೆ. ವಿವರಣೆ ಇದೆಯೇ ಎಂದು ಯಂತ್ರ ಕೇಳಿತು, ಇದೆ ಎಂದಿರಿ. ಏನು ವಿವರಣೆ ಎಂದು ಕೇಳುವುದು ಮನುಷ್ಯನ ಕೆಲಸವಾಗಿತ್ತು, ಆ ಮನುಷ್ಯ ನಾನು, ನನ್ನ ಕೈಯಲ್ಲಿ ಚಹಾದ ಕಪ್ಪಿತ್ತು. ಉಳಿದ ಎರಡು ಅಂಕ ಯಾತಕ್ಕೆ ಹೋದವು ಎಂದು ಕೇಳಿದ್ದಕ್ಕೆ ಅವರು "ಅದು ಬಣ್ಣದ್ದು ಸರ್" ಅಂದರು. ಬಣ್ಣದ ವಿಷಯದಲ್ಲಿ ನಾನು ನಿಮ್ಮನ್ನು ಸಂಪೂರ್ಣ ಕ್ಷಮಿಸಿದ್ದೇನೆ.

ಮೂರು ದಿನ ನಾವು ಖರೆ ಪರೀಕ್ಷೆ ಮಾಡಿದೆವು. ನಾನು ಲ್ಯಾಪ್‌ಟಾಪಿನಲ್ಲಿ, ಮುಬಶೀರಾ ಮೊಬೈಲಿನಲ್ಲಿ, ಕೊನೆಗೆ ಪರದೆಯ ಮೇಲೆ ಏನಿದೆಯೆಂದು ತಾಳೆ ನೋಡಲು ಆರಿಫಾ. ಶಿರಾ ಇರಲಿಲ್ಲ, ರೊಟ್ಟಿ ಚಟ್ನಿ ಇತ್ತು. ನಲವತ್ತೊಂದು ತಪ್ಪು ಸಿಕ್ಕಿವೆ. ಮುಕ್ಕಾಲು ಪಾಲು ಸಂಗಮೇಶರು ಎರಡು ದಿನದಲ್ಲಿ ಸರಿಮಾಡಬಹುದಾದವು, ಅವರೇ ಒಪ್ಪಿದ್ದಾರೆ. ಮೇಲಿನಿಂದ ಆದೇಶ ಬರಬೇಕಂತೆ. ಪಟ್ಟಿಯನ್ನು ತಮಗೆ ಬೇರೆ ಕಳಿಸಿದ್ದೇನೆ. ಓದಬಲ್ಲ ಅಕ್ಷರಗಳಲ್ಲೇ ಇದೆ, ಚಿತ್ರ ಮಾಡಿಲ್ಲ.

ಈಗ ಕೇಳಿಕೆ. ನನ್ನ ಸಹಿ ಇರುವ ಪ್ರಮಾಣಪತ್ರವನ್ನು ಇವತ್ತೇ ಕೀಳಿರಿ, ಮತ್ತು ಅದರ ಜಾಗದಲ್ಲಿ "ಈ ತಾಣವನ್ನು ಅಂಧರು ಪರೀಕ್ಷಿಸಿರಲಿಲ್ಲ, ಪರೀಕ್ಷಿಸಿದರೆಂದು ಬರೆದದ್ದು ಸುಳ್ಳು" ಎಂದು ಅಕ್ಷರದಲ್ಲಿ ಬರೆಯಿರಿ. ಮುಬಶೀರಾ ಎರಡನೇ ತಾರೀಖಿಗೆ ಅರ್ಜಿ ತುಂಬಿದ್ದಾಳೆ ಎಂದು ಒಪ್ಪಿ, ಸಹಾಯಕರ ಆದೇಶವನ್ನು ಈ ವಾರದೊಳಗೆ ಕಾಲೇಜಿಗೆ ಮುಟ್ಟಿಸಿ. ಅವಳಂತೆ "ಸುಸ್ವಾಗತ" ಕೇಳಿ ನಂಬಿದವರು ಇನ್ನೆಷ್ಟು ಜನರಿದ್ದಾರೋ, ಅವರಿಗೂ ಬಾಗಿಲು ತೆರೆಯಿರಿ. ಕೊನೆಯ ದಿನ ಮುಗಿಯಿತು, ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಮಾತ್ರ ಬೇಡ. ನಿಯಮವನ್ನು ನೀವು ಎರಡೇ ದಿನದಲ್ಲಿ ಹಸಿರು ಮಾಡಿದ್ದನ್ನು ಈಗ ಇಡೀ ಇಳಕಲ್ ಬಲ್ಲದು.

ಆದೇಶ ಬಾರದಿದ್ದರೆ ಏನು ಮಾಡುವಿ ಎಂದು ನಿನ್ನೆ ಮುಬಶೀರಾಳನ್ನು ಕೇಳಿದೆ. ಮುಂದಿನ ವರ್ಷ ಬರೆದರಾಯಿತು ಎಂದು ಮನೆಯವರು ಸಮಾಧಾನ ಹೇಳುತ್ತಿದ್ದರು. ಅವಳು ಕೇಳಲಿಲ್ಲ. "ಇಲ್ರಿ ಸರ್, ನಾ ಹೋಗ್ತೇನಿ. ಪ್ರಶ್ನೆ ಯಾರರೆ ಓದಿ ಹೇಳಿದ್ರ ಸಾಕು. ಮೂರು ತಾಸು ಕುಂತು ಎಲ್ಲಾ ಉತ್ತರ ಗಟ್ಟ್ಯಾಗಿ ಹೇಳಿ ಬರ್ತೇನಿ. ಬರಕೊಳ್ಳವರು ಬರಕೊಳ್ಳಲಿ, ಬಿಡವರು ಬಿಡಲಿ. ನನಗ ಬರ್ತಿತ್ತು ಅನ್ನೂದು ಅಲ್ಲಿದ್ದ ಎಲ್ಲಾರೂ ಕೇಳಬೇಕು" ಅಂದಳು. ಇಪ್ಪತ್ತೆಂಟಕ್ಕೆ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಆ ಕೊಠಡಿಯ ಕಿಟಕಿಯ ಹೊರಗೆ ನಾನು ಕೂತಿರುತ್ತೇನೆ. ಪಕ್ಕದಲ್ಲಿ ನಿಮಗೂ ಒಂದು ಕುರ್ಚಿ ಹಾಕಿಸಿರುತ್ತೇನೆ.

ಇಂತಿ,
ಮುಟ್ಟದೆ ಮೆಚ್ಚಿ, ಒಬ್ಬಳ ವರ್ಷಕ್ಕೆ ಸಂಚಕಾರ ತರಲಿರುವ ಸಹಿಯ ಯಜಮಾನ,
ಶಿವಸಂಗಪ್ಪ
ಕೊಂಡಿ ಹಾಕುವವ, ಇಳಕಲ್